ಕ್ರಿಸ್ಪರ್ (ಜೀನ್ ಕತ್ತರಿಸುವ ವಿಧಾನ) ಕ್ಲೋನ್‌ನಲ್ಲಿ ಫ್ರೇಮ್‌ಶಿಫ್ಟ್ (ಮೂರು ಮೂರು ಬೇಸ್ ಓದುವ ಸಾಲು ತಪ್ಪುವುದು) ಕಾಣುತ್ತಿದೆ, ಆದರೂ ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಪತ್ತೆ) ಬ್ಯಾಂಡ್ ಬರುತ್ತಿದೆ. ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಎಕ್ಸಾನ್ ಎರಡು (ಇಲ್ಲಿ ಬರೆಯುವವರ ಹೆಸರುಗಳೆಲ್ಲ ಅಡ್ಡಹೆಸರು)

ಎಲ್ಲರಿಗೂ ನಮಸ್ಕಾರ. ಎಚ್‌ಇಕೆ293 ಕೋಶಗಳಲ್ಲಿ ಒಂದು ಜೀನ್‌ನ ನಾಕ್‌ಔಟ್ (ಜೀನ್ ಪೂರ್ತಿ ಕೆಲಸ ಮಾಡದಂತೆ ಮಾಡುವುದು) ಮಾಡಬೇಕಿದೆ. ಜೀನ್‌ನಲ್ಲಿ 9 ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ಭಾಗಗಳು), ಪ್ರೋಟೀನ್ 62 ಕಿಲೋಡಾಲ್ಟನ್. ವಿವರ ಪೂರ್ತಿ ಕೊಡುತ್ತೇನೆ.

ಗೈಡ್ (ಕ್ಯಾಸ್9 ಎಂಬ ಕತ್ತರಿಸುವ ಕಿಣ್ವಕ್ಕೆ ಜಾಗ ತೋರಿಸುವ ಆರ್‌ಎನ್‌ಎ) ಒಂದೇ, ಎಕ್ಸಾನ್ 2ರಲ್ಲಿ ಕತ್ತರಿಸುತ್ತದೆ. ಕ್ಯಾಸ್9, ಗೈಡ್, ಪ್ಯೂರೋಮೈಸಿನ್ ನಿರೋಧಕತೆ ಮೂರೂ ಇರುವ ಒಂದೇ ಪ್ಲಾಸ್ಮಿಡ್. 6 ಬಾವಿಯ ಪ್ಲೇಟ್‌ನಲ್ಲಿ ಲಿಪಿಡ್ ಟ್ರಾನ್ಸ್‌ಫೆಕ್ಷನ್, 24 ಗಂಟೆ ಬಿಟ್ಟು ಪ್ಯೂರೋಮೈಸಿನ್ 2 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರ್‌ಗೆ, 48 ಗಂಟೆ. ಆಮೇಲೆ 96 ಬಾವಿಯ ಪ್ಲೇಟ್‌ಗೆ ಬಾವಿಗೆ 0.5 ಕೋಶದ ಲೆಕ್ಕದಲ್ಲಿ ಹಂಚಿಕೆ. 3 ವಾರದ ನಂತರ 22 ಕ್ಲೋನ್ (ಒಂದೇ ಕೋಶದಿಂದ ಬೆಳೆದದ್ದೆಂದು ಎಣಿಸಿದ ಗುಂಪು). 480 ಬೇಸ್‌ನ ಆಂಪ್ಲಿಕಾನ್ (ಪಿಸಿಆರ್‌ನಿಂದ ಬೆಳೆಸಿದ ಡಿಎನ್‌ಎ ತುಂಡು) ತೆಗೆದು ಸ್ಯಾಂಗರ್ ಸೀಕ್ವೆನ್ಸಿಂಗ್.

ಕ್ಲೋನ್ 7: ಒಂದು ಬೇಸ್ ಸೇರ್ಪಡೆ, ಕ್ರೊಮ್ಯಾಟೋಗ್ರಾಂ (ಸೀಕ್ವೆನ್ಸಿಂಗ್‌ನ ಶಿಖರಗಳ ಚಿತ್ರ) ಶುದ್ಧ. ವೆಸ್ಟರ್ನ್‌ನಲ್ಲಿ ಬ್ಯಾಂಡ್ ಇಲ್ಲ.
ಕ್ಲೋನ್ 11: 8 ಬೇಸ್ ಲೋಪ, ಇದೂ ಶುದ್ಧ. ಆದರೆ 55 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್, ಮೂಲ ಕೋಶದ ಸುಮಾರು 20% ತೀವ್ರತೆ.
ಕ್ಲೋನ್ 19: ಕತ್ತರಿಸಿದ ಜಾಗದಿಂದ ಮುಂದಕ್ಕೆ ಶಿಖರಗಳು ಕಲಸಿಹೋಗಿವೆ. 62ರಲ್ಲೇ ಮಸುಕಾದ ಬ್ಯಾಂಡ್.

ಆಂಟಿಬಾಡಿ ಪಾಲಿಕ್ಲೋನಲ್, ಪ್ರೋಟೀನ್‌ನ ಸಿ ತುದಿಯ 120 ಅಮೈನೋ ಆಮ್ಲಗಳ ವಿರುದ್ಧ ತಯಾರಾದದ್ದು. ಎಕ್ಸಾನ್ 6 ಮತ್ತು 7ರ ಪ್ರೈಮರ್‌ಗಳಿಂದ ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿದಾಗ ಎಂಆರ್‌ಎನ್‌ಎ ಕ್ಲೋನ್ 7ರಲ್ಲಿ ಮೂಲದ 40%, ಕ್ಲೋನ್ 11ರಲ್ಲಿ 90%.

ಫ್ರೇಮ್ ತಪ್ಪಿದ ಮೇಲೂ ಪ್ರೋಟೀನ್ ಬರುವುದು ಹೇಗೆ? ಇದು ಆಂಟಿಬಾಡಿಯ ಸುಳ್ಳೋ, ಕ್ಲೋನ್ ಕಲಬೆರಕೆಯೋ, ಹಳೆಯ ಪ್ರೋಟೀನ್ ಇನ್ನೂ ಉಳಿದಿದೆಯೋ? ಎಂಆರ್‌ಎನ್‌ಎ ಅಂಕಿಯನ್ನು ನಾಕ್‌ಔಟ್‌ಗೆ ಪುರಾವೆಯಾಗಿ ತೋರಿಸಬಹುದಾ? ಇಲ್ಲ, ಮೊದಲಿನಿಂದ ಹೊಸ ಗೈಡ್ ಹಿಡಿದು ಶುರುಮಾಡುವುದೇ ವಾಸಿಯಾ?

ಉತ್ತರ 1: ಮೈನಸ್ ಎಂಬತ್ತು

ಹೊಸದಾಗಿ ಶುರುಮಾಡುವ ಮುನ್ನ ಕೈಯಲ್ಲಿರುವ ಮೂರು ಕ್ಲೋನ್‌ಗಳನ್ನು ಬೇರೆ ಬೇರೆಯಾಗಿ ನೋಡಿ. ಇವು ಒಂದೇ ಸಮಸ್ಯೆಯ ಮೂರು ಮುಖ ಅಲ್ಲ, ಮೂರು ಬೇರೆ ಕಥೆ.

ಸುಲಭದ್ದನ್ನು ಮೊದಲು ಮುಗಿಸೋಣ. ಹಳೆಯ ಪ್ರೋಟೀನ್ ಉಳಿದಿರುವ ಸಾಧ್ಯತೆಯನ್ನು ಕ್ಲೋನ್‌ಗಳ ಮಟ್ಟಿಗೆ ಮರೆತುಬಿಡಿ. ಒಂದೇ ಕೋಶದಿಂದ 3 ವಾರ ಬೆಳೆದಿದೆ ಎಂದರೆ ಹತ್ತಿರ ಹತ್ತಿರ 20 ಸಲ ದುಪ್ಪಟ್ಟಾಗಿದೆ. ಪ್ರೋಟೀನ್ ಒಂದಿಷ್ಟೂ ಒಡೆಯದೆ ಉಳಿದರೂ ಪ್ರತಿ ಕೋಶಕ್ಕೆ ಸಿಗುವ ಪಾಲು 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಟ್ರಾನ್ಸ್‌ಫೆಕ್ಷನ್ ಆದ 72 ಗಂಟೆಯ ಪೂಲ್‌ನಲ್ಲಿ ಬ್ಯಾಂಡ್ ಕಂಡಿದ್ದರೆ ಆ ಮಾತಿಗೆ ಅರ್ಥವಿತ್ತು.

ಕ್ಲೋನ್ 19ಕ್ಕೆ ಬನ್ನಿ. ಎಚ್‌ಇಕೆ293ರಲ್ಲಿ ಕ್ರೋಮೋಸೋಮ್‌ಗಳು ಸರಿಸುಮಾರು ಮೂರು ಪಟ್ಟು, ಬಹುಪಾಲು ಕೋಶಗಳಲ್ಲಿ 64ರ ಆಸುಪಾಸು. ನಿಮ್ಮ ಜೀನ್‌ಗೆ 2 ಪ್ರತಿ ಇದೆ ಅಂತ ಊಹಿಸಿಕೊಳ್ಳಬೇಡಿ. 3 ಇರಬಹುದು, ಕೆಲವು ಜಾಗಗಳಲ್ಲಿ ಇನ್ನೂ ಹೆಚ್ಚು. ಕತ್ತರಿಸಿದಲ್ಲಿ ಬರುವ ಬದಲಾವಣೆಗಳಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಫ್ರೇಮ್ ಉಳಿಸಿಕೊಳ್ಳುತ್ತದೆ ಎಂದಿಟ್ಟುಕೊಂಡರೆ, 3 ಆಲೀಲ್‌ಗಳೂ (ಜೀನ್‌ನ ಪ್ರತಿಗಳು) ಒಟ್ಟಿಗೆ ಫ್ರೇಮ್ ತಪ್ಪುವ ಸಂಭವ 8/27, ಅಂದರೆ 30% ಮಾತ್ರ. ಉಳಿದ ಕ್ಲೋನ್‌ಗಳಲ್ಲಿ ಒಂದಾದರೂ ಆಲೀಲ್ ಒಂದೆರಡು ಅಮೈನೋ ಆಮ್ಲ ಕಳೆದುಕೊಂಡು ಆರಾಮವಾಗಿ ಪ್ರೋಟೀನ್ ಮಾಡುತ್ತಿರುತ್ತದೆ. 62ರಲ್ಲೇ ಬ್ಯಾಂಡ್ ಬರಲು ಇಷ್ಟು ಸಾಕು.

ಕಲಸಿದ ಶಿಖರಗಳನ್ನು ಕಣ್ಣಲ್ಲಿ ಓದಲು ಹೋಗಬೇಡಿ. ಟೈಡ್ ಅಥವಾ ಐಸ್ ತಂತ್ರಾಂಶಕ್ಕೆ ಹಾಕಿ. ಮೂಲ ಕೋಶದ ಸ್ಯಾಂಗರ್ ಫೈಲ್ ಅದೇ ಪ್ರೈಮರ್‌ನಿಂದ, ಸಾಧ್ಯವಾದರೆ ಅದೇ ದಿನ ಓಡಿಸಿದ್ದಾಗಿರಲಿ. ಕತ್ತರಿಸುವ ಜಾಗ ಸೀಕ್ವೆನ್ಸಿಂಗ್ ಪ್ರೈಮರ್‌ನಿಂದ 200 ಬೇಸ್‌ನಷ್ಟಾದರೂ ದೂರ ಇರಬೇಕು, ಇಲ್ಲದಿದ್ದರೆ ಹೋಲಿಸಲು ಶುದ್ಧ ಭಾಗವೇ ಸಿಗದು. ಬಂದ ಶೇಕಡಾವಾರು ನೋಡಿ. 3 ಪ್ರತಿಯ ಜೀನ್‌ಗೆ ಮೂರು ಸೀಕ್ವೆನ್ಸ್ ಸಮಸಮ, ಇಲ್ಲವೇ 66 ಮತ್ತು 33 ಬಂದರೆ ನಂಬಬಹುದು. ನಾಲ್ಕೈದು ಬಗೆಯ ಸೀಕ್ವೆನ್ಸ್ ಅಡ್ಡಾದಿಡ್ಡಿ ಪಾಲಿನಲ್ಲಿ ಬಂದರೆ ಅದು ಒಂದೇ ಕೋಶದಿಂದ ಹುಟ್ಟಿದ್ದಲ್ಲ.

ಖಚಿತ ಬೇಕಿದ್ದರೆ ಆಂಪ್ಲಿಕಾನನ್ನೇ ಟಿಎ ವೆಕ್ಟರ್‌ಗೆ ಸೇರಿಸಿ, ಬ್ಯಾಕ್ಟೀರಿಯಾ ಕಾಲೊನಿಗಳನ್ನು ಒಂದೊಂದಾಗಿ ಓದಿಸಿ. ಎಷ್ಟು ಕಾಲೊನಿ? 3 ಆಲೀಲ್ ಸಮನಾಗಿದ್ದರೆ 6 ಕಾಲೊನಿ ಓದಿದಾಗ ಯಾವುದಾದರೂ ಒಂದು ಆಲೀಲ್ ಕಣ್ತಪ್ಪುವ ಸಂಭವ 26%. 12 ಓದಿದರೆ ಅದು 2.3%ಕ್ಕೆ ಇಳಿಯುತ್ತದೆ. ಆರಕ್ಕೇ ನಿಲ್ಲಿಸುವವರು ಬಹಳ, ಅದರ ಫಲ ಆಮೇಲೆ ವೆಸ್ಟರ್ನ್‌ನಲ್ಲಿ ಉಣ್ಣುತ್ತಾರೆ.

ಇನ್ನು ಶುದ್ಧ ಕ್ರೊಮ್ಯಾಟೋಗ್ರಾಂ. 7 ಮತ್ತು 11ನ್ನು ಹೋಮೋಝೈಗಸ್ (ಎಲ್ಲ ಪ್ರತಿಗಳೂ ಒಂದೇ) ಎಂದು ಬರೆದುಕೊಂಡಿದ್ದರೆ ಪೆನ್ಸಿಲ್‌ನಲ್ಲಿ ಬರೆದಿಡಿ. ಕ್ಯಾಸ್9 ಕತ್ತರಿಸಿದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಬೇಸ್ ಹಾರಿಹೋಗುವುದುಂಟು. ಪ್ರೈಮರ್ ಕೂರುವ ಜಾಗವೇ ಹೋದ ಆಲೀಲ್ ಪಿಸಿಆರ್‌ನಲ್ಲಿ ಕಾಣುವುದಿಲ್ಲ, ಉಳಿದ ಒಂದೇ ಆಲೀಲ್ ಎಲ್ಲದರ ಪರವಾಗಿ ಮಾತಾಡುತ್ತದೆ. ಕತ್ತರಿಸಿದ ಜಾಗದ ಎರಡೂ ಕಡೆ 2.5 ಕಿಲೋಬೇಸ್ ದೂರದಲ್ಲಿ ಪ್ರೈಮರ್ ಹಾಕಿ 5 ಕಿಲೋಬೇಸ್‌ನ ಲಾಂಗ್ ರೇಂಜ್ ಪಿಸಿಆರ್ ಮಾಡಿ. ಇದಕ್ಕೆ ಪ್ರೋಟಿನೇಸ್ ಕೆ ಹಾಕಿ ಕುದಿಸಿದ ಒರಟು ಲೈಸೇಟ್ ನಡೆಯದು, ಕಾಲಮ್‌ನಲ್ಲಿ ಶುದ್ಧ ಮಾಡಿದ, ಮುರಿಯದ ಡಿಎನ್‌ಎ ಬೇಕು. ಜತೆಗೆ ಕತ್ತರಿಸಿದ ಜಾಗದ ಪಕ್ಕದಲ್ಲೇ ಒಂದು ಚಿಕ್ಕ ಆಂಪ್ಲಿಕಾನ್, ದೂರದ ಬೇರೆ ಕ್ರೋಮೋಸೋಮ್‌ನ ಒಂದು ಆಂಪ್ಲಿಕಾನ್ ಇಟ್ಟುಕೊಂಡು ಜೀನೋಮಿಕ್ ಡಿಎನ್‌ಎ ಮೇಲೆ ಕ್ಯೂಪಿಸಿಆರ್ ಮಾಡಿದರೆ ಪ್ರತಿಗಳ ಸಂಖ್ಯೆ ಗೊತ್ತಾಗುತ್ತದೆ. 3ರಿಂದ 2ಕ್ಕೆ ಇಳಿದರೆ ವ್ಯತ್ಯಾಸ 0.58 ಸೈಕಲ್, 3ರಿಂದ 1ಕ್ಕಾದರೆ 1.58. ಅರ್ಧ ಸೈಕಲ್ ವ್ಯತ್ಯಾಸ ಹಿಡಿಯಲು ಕನಿಷ್ಠ 4 ಪ್ರತಿರೂಪ ಬಾವಿ ಬೇಕು. ಪಿಪೆಟ್ ನಡುಗಿದರೆ ಅದೂ ಸಾಲದು.

ಕೊನೆಗೆ ಕ್ಲೋನ್ 11. ಎಕ್ಸಾನ್ 2ರ ಉದ್ದ ಎಷ್ಟು? ಮೂರರಿಂದ ಭಾಗವಾಗುತ್ತದಾ? ಕತ್ತರಿಸಿದ ಜಾಗದ ನಂತರ, ಅದೇ ಫ್ರೇಮ್‌ನಲ್ಲಿ, ಮುಂದಿನ ಮೆಥಿಯೋನಿನ್ ಎಷ್ಟನೆಯದು? ಇವೆರಡು ಹೇಳಿ, ಮುಂದೆ ಮಾತಾಡೋಣ.

ಉತ್ತರ 2: ಬ್ಲಾಟ್ ಪೇಪರ್

ಡಿಎನ್‌ಎ ಕಡೆ ಮೇಲಿನವರು ಹೇಳಿದ್ದಾರೆ, ನಾನು ಬ್ಲಾಟ್ ಕಡೆಯಿಂದ ಕೇಳುತ್ತೇನೆ. ಲೋಡಿಂಗ್ ಕಂಟ್ರೋಲ್ ಯಾವುದು? ಟ್ಯೂಬುಲಿನ್ ಆಗಿದ್ದರೆ, ಅದು ಓಡುವುದೇ 50ರಿಂದ 55ರ ನಡುವೆ. ಟ್ಯೂಬುಲಿನ್ ಮೊದಲು ನೋಡಿ, ಸ್ಟ್ರಿಪ್ ಮಾಡಿ, ಅದೇ ಮೆಂಬ್ರೇನ್ ಮೇಲೆ ನಿಮ್ಮ ಆಂಟಿಬಾಡಿ ಹಾಕಿದ್ದರೆ ನಿಮ್ಮ 55ರ ಬ್ಯಾಂಡ್ ಹಳೆಯ ಸಿಗ್ನಲ್‌ನ ನೆರಳು ಇರಬಹುದು. ಈ ಜೀನ್‌ಗೆ ವಿಂಕ್ಯುಲಿನ್‌ನಂಥ ದೊಡ್ಡದು ಅಥವಾ 37ರ ಜಿಎಪಿಡಿಎಚ್ ಇಟ್ಟುಕೊಳ್ಳಿ.

20% ಎಂಬ ಅಂಕಿ ಹೇಗೆ ಬಂತು? ಒಂದೇ ಎಕ್ಸ್‌ಪೋಶರ್‌ನಲ್ಲಿ ಮೂಲ ಕೋಶದ ಬ್ಯಾಂಡ್ ಸ್ಯಾಚುರೇಟ್ ಆಗಿದ್ದರೆ ಆ ಭಾಗಾಕಾರಕ್ಕೆ ಬೆಲೆಯಿಲ್ಲ. ಸರಿಯಾದ ದಾರಿ ಇದು: ಮೂಲ ಕೋಶದ ಲೈಸೇಟನ್ನು ಕ್ಲೋನ್ 7ರ ಲೈಸೇಟ್ ಜತೆ ಬೆರೆಸಿ 100, 50, 25, 10, 5% ಮಾಡಿ, ಪ್ರತಿ ಲೇನ್‌ಗೂ ಒಟ್ಟು 20 ಮೈಕ್ರೋಗ್ರಾಂ ಬರುವಂತೆ ಲೋಡ್ ಮಾಡಿ. ಬಫರ್‌ನಲ್ಲಿ ತೆಳು ಮಾಡಿದರೆ ಲೇನ್‌ನಲ್ಲಿರುವ ಒಟ್ಟು ಪ್ರೋಟೀನ್ ಬದಲಾಗಿ ಟ್ರಾನ್ಸ್‌ಫರ್ ಮತ್ತು ಹಿನ್ನೆಲೆ ಎರಡೂ ಕೈಕೊಡುತ್ತವೆ. ಈ ಏಣಿಯ ಪಕ್ಕ ಕ್ಲೋನ್ 11 ಕೂರಿಸಿದಾಗ ಎಷ್ಟನೇ ಮೆಟ್ಟಿಲು ಎಂದು ನೇರವಾಗಿ ಕಾಣುತ್ತದೆ. ಕ್ಲೋನ್ 7 ನಿಜಕ್ಕೂ ಖಾಲಿಯೋ ಎಂಬುದಕ್ಕೂ ಇದೇ ಪರೀಕ್ಷೆ: 5%ರ ಲೇನ್ ಕಾಣುವ ಎಕ್ಸ್‌ಪೋಶರ್‌ನಲ್ಲಿ 7 ಖಾಲಿ ಇದ್ದರೆ ಮಾತ್ರ "5%ಕ್ಕಿಂತ ಕಡಿಮೆ" ಎಂದು ಬರೆಯಬಹುದು. ಪತ್ತೆಯಾಗಲಿಲ್ಲ ಎಂಬುದಕ್ಕೂ ಇಲ್ಲವೇ ಇಲ್ಲ ಎಂಬುದಕ್ಕೂ ಅಜಗಜಾಂತರ.

55 ಮತ್ತು 62 ಬಿಡಿಸಿ ನೋಡಲು 8% ಜೆಲ್ ಸಾಕು. 4ರಿಂದ 20ರ ಗ್ರೇಡಿಯಂಟ್‌ನಲ್ಲಿ ಎರಡೂ ಅಂಟಿಕೊಂಡಂತೆ ಕಾಣುತ್ತವೆ.

ಆಂಟಿಬಾಡಿ ಸುಳ್ಳು ಹೇಳುತ್ತಿದೆಯೋ ಎಂದು ತಿಳಿಯಲು ಬ್ಲಾಕಿಂಗ್ ಪೆಪ್ಟೈಡ್ ಮೊರೆ ಹೋಗಬೇಡಿ. ಅಡ್ಡ ಹಿಡಿತವೂ ಅದೇ ಪೆಪ್ಟೈಡ್‌ನಿಂದ ಅಳಿಸಿಹೋಗುತ್ತದೆ, ಏನೂ ಸಾಬೀತಾಗುವುದಿಲ್ಲ. ಕ್ಲೋನ್ 11ಕ್ಕೇ ಎಸ್‌ಐಆರ್‌ಎನ್‌ಎ (ಗುರಿಯ ಎಂಆರ್‌ಎನ್‌ಎಯನ್ನು ಒಡೆಸುವ ಚಿಕ್ಕ ಆರ್‌ಎನ್‌ಎ) ಕೊಡಿ. ಬೇರೆ ಬೇರೆ ಜಾಗಕ್ಕೆ ಹೊಂದುವ 2 ಎಸ್‌ಐಆರ್‌ಎನ್‌ಎ, ತಲಾ 20 ನ್ಯಾನೋಮೋಲಾರ್, 72 ಗಂಟೆ. ಎರಡರಲ್ಲೂ 55ರ ಬ್ಯಾಂಡ್ ಇಳಿದರೆ ಅದು ನಿಮ್ಮ ಜೀನ್‌ನದ್ದೇ. ಅಲ್ಲಾಡದಿದ್ದರೆ, ಮೂಲ ಕೋಶದ 62ರ ಬ್ಯಾಂಡ್ ಅದೇ ಎಸ್‌ಐಆರ್‌ಎನ್‌ಎಗೆ ಇಳಿಯುತ್ತದೋ ನೋಡಿಕೊಂಡು, ಆಮೇಲೆ ಅಡ್ಡ ಹಿಡಿತ ಅನ್ನಿ. ಎಸ್‌ಐಆರ್‌ಎನ್‌ಎ ಎಕ್ಸಾನ್ 2ಕ್ಕೆ ಹೊಂದುವಂಥದ್ದು ಬೇಡ. ಕಾರಣ ಮೈನಸ್ ಎಂಬತ್ತು ಅವರು ಕೇಳಿದ ಪ್ರಶ್ನೆಯಲ್ಲೇ ಇದೆ. ಎಕ್ಸಾನ್ 6 ಅಥವಾ 3' ಯುಟಿಆರ್ (ಎಂಆರ್‌ಎನ್‌ಎ ಕೊನೆಯಲ್ಲಿ ಪ್ರೋಟೀನ್ ಆಗದ ಭಾಗ) ಕ್ಷೇಮ.

ಎಕ್ಸಾನ್ ಎರಡು

ಇಬ್ಬರಿಗೂ ಧನ್ಯವಾದ. ಎಕ್ಸಾನ್ 1ರಲ್ಲಿ ಮೊದಲ 20 ಅಮೈನೋ ಆಮ್ಲ, ಎಕ್ಸಾನ್ 2 ಸರಿಯಾಗಿ 192 ಬೇಸ್. ಕತ್ತರಿಸುವುದು 38ನೇ ಅಮೈನೋ ಆಮ್ಲದ ಬಳಿ. ನಂತರದ ಮೊದಲ ಮೆಥಿಯೋನಿನ್ 71ನೆಯದು, ಅದೂ ಎಕ್ಸಾನ್ 2ರಲ್ಲೇ. ಲೋಡಿಂಗ್ ಕಂಟ್ರೋಲ್ ಟ್ಯೂಬುಲಿನ್ ಹೌದು, ಆದರೆ ನಮ್ಮ ಆಂಟಿಬಾಡಿ ಮೊದಲು, ಟ್ಯೂಬುಲಿನ್ ಆಮೇಲೆ ಹಾಕಿದ್ದು.

ಕ್ಲೋನ್ 19 ಐಸ್‌ಗೆ ಹಾಕಿದಾಗ: +1 46%, −3 22%, −14 19%, ಬದಲಾಗದ್ದು 11%.

ಉತ್ತರ 3: ಮೈನಸ್ ಎಂಬತ್ತು

ಹಾಗಾದರೆ ಟ್ಯೂಬುಲಿನ್ ನೆರಳು ಅಲ್ಲ. 192 ಅಂದರೆ 64 ಗುಣಿಸು 3. ಎಕ್ಸಾನ್ 2 ಇಡಿಯಾಗಿ ಬಿಟ್ಟುಹೋಗಿ 1ಕ್ಕೆ 3 ಹೊಲಿದುಕೊಂಡರೂ ಫ್ರೇಮ್ ಕೆಡುವುದಿಲ್ಲ. ಅಮೈನೋ ಆಮ್ಲಕ್ಕೆ ಸರಾಸರಿ 110 ಡಾಲ್ಟನ್ ಹಿಡಿದರೆ 64 ಹೋದಾಗ 7 ಕಿಲೋಡಾಲ್ಟನ್ ಕಡಿಮೆ, ನಿಮ್ಮ 55ಕ್ಕೆ ಸರಿಹೊಂದುತ್ತದೆ. 71ನೇ ಮೆಥಿಯೋನಿನ್‌ನಿಂದ ಅನುವಾದ ಶುರುವಾದರೂ 70 ಹೋಗಿ 7.7 ಕಡಿಮೆ. ಜೆಲ್ ಮೇಲೆ ಈ ಎರಡನ್ನು ಬೇರೆ ಮಾಡಿ ಹೇಳುವುದು ಕಷ್ಟ. ನಿಮ್ಮ ಆಂಟಿಬಾಡಿ ಸಿ ತುದಿಯದ್ದು, ಎರಡನ್ನೂ ಹಿಡಿಯುತ್ತದೆ.

ಆದರೆ ಒಂದು ಗಣಿತ ನೋಡಿ. −8 ಅಂದರೆ −9 ಮತ್ತು +1. ಅಂದರೆ ಕ್ಲೋನ್ 7ರ +1, ಕ್ಲೋನ್ 11ರ −8 ಎರಡೂ ಫ್ರೇಮನ್ನು ಒಂದೇ ಕಡೆಗೆ ಸರಿಸುತ್ತವೆ. ಕತ್ತರಿಸಿದ ಜಾಗ ದಾಟಿದ ಮೇಲೆ ಎರಡೂ ಓದುವುದು ಅದೇ ತಪ್ಪು ಫ್ರೇಮ್, ನಿಲ್ಲುವುದು ಅದೇ ಸ್ಟಾಪ್ ಕೋಡಾನ್‌ನಲ್ಲಿ. 71ರಿಂದ ಮರುಪ್ರಾರಂಭ ಕಾರಣವಾಗಿದ್ದರೆ ಕ್ಲೋನ್ 7ರಲ್ಲೂ 55ರ ಬ್ಯಾಂಡ್ ಬರಬೇಕಿತ್ತು. ಬಂದಿಲ್ಲ. ಆದ್ದರಿಂದ ನನ್ನ ಪಣ ಸ್ಪ್ಲೈಸಿಂಗ್ (ಎಕ್ಸಾನ್‌ಗಳನ್ನು ಒಂದಕ್ಕೊಂದು ಹೊಲಿಯುವ ಹಂತ) ಮೇಲೆ. ಎಕ್ಸಾನ್ ಒಳಗೇ ಸ್ಪ್ಲೈಸಿಂಗ್‌ಗೆ ನೆರವಾಗುವ ಚಿಕ್ಕ ಸೀಕ್ವೆನ್ಸ್‌ಗಳಿರುತ್ತವೆ. 8 ಬೇಸ್ ಹೋದಾಗ ಅಂಥದ್ದೊಂದು ಹರಿದರೆ ಸ್ಪ್ಲೈಸೋಸೋಮ್‌ಗೆ ಆ ಎಕ್ಸಾನ್ ಕಣ್ಣಿಗೆ ಬೀಳುವುದಿಲ್ಲ. ಒಂದು ಬೇಸ್ ಸೇರಿದಾಗ ಅದು ಉಳಿದಿರಬಹುದು.

ನಿಮ್ಮ ಎಂಆರ್‌ಎನ್‌ಎ ಅಂಕಿಯೂ ಇದನ್ನೇ ಹೇಳುತ್ತಿದೆ. ಕೊನೆಯ ಎಕ್ಸಾನ್ ಸಂಧಿಗಿಂತ 50ರಿಂದ 55 ಬೇಸ್‌ಗೂ ಹಿಂದೆ ಸ್ಟಾಪ್ ಬಂದರೆ ನಾನ್‌ಸೆನ್ಸ್ ಮೀಡಿಯೇಟೆಡ್ ಡಿಕೇ ಆ ಎಂಆರ್‌ಎನ್‌ಎಯನ್ನು ಒಡೆಯುತ್ತದೆ, ಅದಕ್ಕೇ ಕ್ಲೋನ್ 7ರಲ್ಲಿ 40%. ಎಕ್ಸಾನ್ 2 ಬಿಟ್ಟ ಎಂಆರ್‌ಎನ್‌ಎಯಲ್ಲಿ ಆ ಸ್ಟಾಪೇ ಇಲ್ಲ, ಒಡೆಯಲು ಕಾರಣವೂ ಇಲ್ಲ, ಅದಕ್ಕೇ 90%. ಎಂಆರ್‌ಎನ್‌ಎ 90% ಇದ್ದೂ ಪ್ರೋಟೀನ್ 20% ಯಾಕೆ ಎಂದರೆ, 64 ಅಮೈನೋ ಆಮ್ಲ ಕಳಚಿದ ಪ್ರೋಟೀನ್ ಸರಿಯಾಗಿ ಮಡಿಚಿಕೊಳ್ಳದೆ ಬೇಗ ಒಡೆಯುತ್ತಿರಬಹುದು.

ಹೀಗಾಗಿ ಎಂಆರ್‌ಎನ್‌ಎಯನ್ನು ನಾಕ್‌ಔಟ್‌ಗೆ ಪುರಾವೆ ಮಾಡಬೇಡಿ, ಯಾವ ಕಡೆಗೂ. 40% ಉಳಿದರೂ ನಾಕ್‌ಔಟ್ ನಿಜವಿರಬಹುದು, ಏಕೆಂದರೆ ಡಿಕೇ ಎಲ್ಲ ಜೀನ್‌ಗೂ ಒಂದೇ ಹಿಡಿತದಲ್ಲಿ ನಡೆಯುವುದಿಲ್ಲ. ಇನ್ನೊಂದು ಕಿರಿಕಿರಿ: ಒಡೆದ ಎಂಆರ್‌ಎನ್‌ಎ ತುಣುಕುಗಳೇ ಸೀಕ್ವೆನ್ಸ್‌ನಲ್ಲಿ ಹೋಲುವ ಸೋದರ ಜೀನ್‌ಗಳನ್ನು ಏರಿಸಬಹುದು ಎಂದು 2019ರಲ್ಲಿ ಜೀಬ್ರಾಫಿಶ್ ಮತ್ತು ಇಲಿ ಕೋಶಗಳಲ್ಲಿ ತೋರಿಸಿದ್ದಾರೆ. ನಿಮ್ಮ ಜೀನ್‌ಗೆ ಪ್ಯಾರಲಾಗ್ (ಅಂಥ ಸೋದರ ಜೀನ್) ಇದ್ದರೆ ಕ್ಲೋನ್ 7ರಲ್ಲಿ ಅದರ ಮಟ್ಟವನ್ನೂ ಅಳೆದಿಡಿ.

ಈಗ ಮಾಡಬೇಕಾದ್ದು ಆರ್‌ಟಿ ಪಿಸಿಆರ್. ಫಾರ್ವರ್ಡ್ ಪ್ರೈಮರ್ ಎಕ್ಸಾನ್ 1ರ 5' ಯುಟಿಆರ್‌ನಲ್ಲಿ, ರಿವರ್ಸ್ ಪ್ರೈಮರ್ ಎಕ್ಸಾನ್ 4ರಲ್ಲಿ. ಆರ್‌ಎನ್‌ಎ 1 ಮೈಕ್ರೋಗ್ರಾಂ, ಡಿಎನೇಸ್ ಕೊಟ್ಟು, ರ‍್ಯಾಂಡಮ್ ಹೆಕ್ಸಾಮರ್‌ನಿಂದ ಸಿಡಿಎನ್‌ಎ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಒಂದು ಟ್ಯೂಬ್ ಕಡ್ಡಾಯ. 28ರಿಂದ 30 ಸೈಕಲ್, 2% ಅಗರೋಸ್. ಮೂಲ ಕೋಶ, 7, 11 ಮೂರನ್ನೂ ಅಕ್ಕಪಕ್ಕ ಓಡಿಸಿ, ಕೆಳಗಿನ ಬ್ಯಾಂಡ್ ಕತ್ತರಿಸಿ ಸೀಕ್ವೆನ್ಸ್ ಮಾಡಿಸಿ. 1 ಮತ್ತು 3ರ ಸಂಧಿಯಲ್ಲಿ ಹೊಸ ಸ್ಟಾಪ್ ಹುಟ್ಟಿಲ್ಲವೋ ಅಲ್ಲೇ ಓದಿಕೊಳ್ಳಿ.

ಕ್ಲೋನ್ 19ರ ಅಂಕಿ ನೋಡಿದರೆ ನಾಲ್ಕು ಸೀಕ್ವೆನ್ಸ್, ಪಾಲು ಯಾವ ಲೆಕ್ಕಕ್ಕೂ ಕೂರುತ್ತಿಲ್ಲ. −3 ಫ್ರೇಮ್ ಉಳಿಸುತ್ತದೆ, 11% ಬದಲಾಗಿಯೇ ಇಲ್ಲ. 62ರ ಬ್ಯಾಂಡ್‌ಗೆ ಬೇರೆ ವಿವರಣೆ ಬೇಡ.

ಉತ್ತರ 4: ಅರ್ಧ ಕೋಶ

ಕ್ಲೋನ್ 19 ಹೀಗಾದದ್ದರಲ್ಲಿ ಆಶ್ಚರ್ಯವಿಲ್ಲ, 0.5ರ ಹಂಚಿಕೆಯೇ ಅದನ್ನು ಹೇಳುತ್ತದೆ. ಪಾಯ್ಸಾನ್ ಲೆಕ್ಕದಲ್ಲಿ 0.5 ಇಟ್ಟಾಗ 61% ಬಾವಿ ಖಾಲಿ, 30%ರಲ್ಲಿ ಒಂದೇ ಕೋಶ, 9%ರಲ್ಲಿ ಎರಡು ಅಥವಾ ಹೆಚ್ಚು. ನೀವು ನೋಡುವುದು ಬೆಳೆದ ಬಾವಿಗಳನ್ನು ಮಾತ್ರ. ಅವುಗಳಲ್ಲಿ 23% ಕಲಬೆರಕೆ, ಅಂದರೆ 22ರಲ್ಲಿ ಐದು. 0.3 ಇಟ್ಟರೆ ಕಲಬೆರಕೆ 14%ಕ್ಕೆ ಇಳಿಯುತ್ತದೆ, ಪ್ಲೇಟ್ ಹೆಚ್ಚು ಬೇಕಾಗುತ್ತದೆ. ಇದೂ ಕೋಶಗಳು ಒಂದೊಂದಾಗಿ ಬಿಡಿಬಿಡಿಯಾಗಿವೆ ಎಂದು ನಂಬಿದ ಲೆಕ್ಕ. ಎಚ್‌ಇಕೆ ಅಂಟಿಕೊಳ್ಳುವ ಜಾತಿ, ಜೋಡಿಯಾಗಿಯೇ ಬೀಳುತ್ತವೆ. ಟ್ರಿಪ್ಸಿನ್ ಆದ ಮೇಲೆ 40 ಮೈಕ್ರೋಮೀಟರ್ ಸ್ಟ್ರೈನರ್‌ನಲ್ಲಿ ಸೋಸಿ, ಹಂಚಿದ ಮರುದಿನ ಪ್ರತಿ ಬಾವಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂಟಿ ಕೋಶ ಇರುವ ಬಾವಿಗೆ ಗುರುತು ಹಾಕಿ. ಬೇಸರದ ಕೆಲಸ, ಒಂದು ಮಧ್ಯಾಹ್ನ ತಿನ್ನುತ್ತದೆ. ಆದರೆ ಒಂದು ವಾರ ಬಿಟ್ಟು ದುಂಡಗಿನ ಒಂದೇ ಕಾಲೊನಿ ಕಂಡಿತು ಎಂಬುದು ಪುರಾವೆಯಲ್ಲ. ಅಂಟಿಕೊಂಡು ಬಿದ್ದ ಎರಡು ಕೋಶಗಳೂ ಒಂದೇ ದುಂಡು ಕಾಲೊನಿ ಮಾಡುತ್ತವೆ.

ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕಬೇಕು. ಪ್ಲಾಸ್ಮಿಡ್ ಜೀನೋಮ್‌ಗೆ ಸೇರಿಕೊಂಡಿದ್ದರೆ ಕ್ಯಾಸ್9 ಕತ್ತರಿಸುತ್ತಲೇ ಇರುತ್ತದೆ. ಒಂದೇ ಕೋಶದಿಂದ ಬೆಳೆದ ಕ್ಲೋನ್ ಕೂಡ ಆಗ ನಾಲ್ಕೈದು ಸೀಕ್ವೆನ್ಸ್ ತೋರಿಸಬಹುದು. ಪರೀಕ್ಷೆ ಸುಲಭ: ಕ್ಲೋನ್‌ನ ಒಂದಿಷ್ಟು ಕೋಶಗಳಿಗೆ ಮತ್ತೆ 2 ಮೈಕ್ರೋಗ್ರಾಂ ಪ್ಯೂರೋಮೈಸಿನ್ ಕೊಡಿ, ಪಕ್ಕದಲ್ಲಿ ಮೂಲ ಕೋಶ ಇರಲಿ. ಎರಡೂ ಸತ್ತರೆ ಒಳ್ಳೆಯದು. ಕ್ಲೋನ್ ಬದುಕಿದರೆ ಅದನ್ನು ಬಿಟ್ಟುಬಿಡಿ. ಪ್ಲಾಸ್ಮಿಡ್‌ನ ತುಂಡು ಮಾತ್ರ ಸೇರಿರಬಹುದಾದ್ದರಿಂದ ಕ್ಯಾಸ್9ಗೆ ಒಂದು ಪಿಸಿಆರ್ ಕೂಡ ಹಾಕಿ. ಇದನ್ನು 7ಕ್ಕೂ ಮಾಡಿ. ಮುಂದೆ ರೆಸ್ಕ್ಯೂಗೆ (ಜೀನನ್ನು ಮರಳಿ ಕೊಟ್ಟು ನೋಡುವ ಪರೀಕ್ಷೆ) ಸಿಡಿಎನ್‌ಎ ಹಾಕಿದಾಗ ಉಳಿದ ಕ್ಯಾಸ್9 ಅದನ್ನೇ ಕತ್ತರಿಸಿಬಿಡುತ್ತದೆ.

19ನ್ನು ಉಳಿಸಿಕೊಳ್ಳಲೇಬೇಕೆಂದರೆ ಮತ್ತೆ ಹಂಚಿ ಉಪಕ್ಲೋನ್ ತೆಗೆಯಬಹುದು. ನನ್ನ ಮಟ್ಟಿಗೆ ಆ 3 ವಾರವನ್ನು ಹೊಸ ಗೈಡ್‌ಗೆ ಕೊಡುವುದು ಮೇಲು.

ಎಕ್ಸಾನ್ ಎರಡು

ಆರ್‌ಟಿ ಪಿಸಿಆರ್ ಆಯಿತು. ಮೂಲ ಕೋಶದಲ್ಲಿ ನಿರೀಕ್ಷಿಸಿದ 610. ಕ್ಲೋನ್ 7ರಲ್ಲಿ ಅದೇ ಎತ್ತರದಲ್ಲಿ ಒಂದೇ ಬ್ಯಾಂಡ್. ಕ್ಲೋನ್ 11ರಲ್ಲಿ 600ರ ಹತ್ತಿರ ಮಸುಕು, 420ರ ಹತ್ತಿರ ದಟ್ಟ. ಕೆಳಗಿನದನ್ನು ಓದಿಸಿದಾಗ ಎಕ್ಸಾನ್ 1ಕ್ಕೆ ನೇರವಾಗಿ 3 ಅಂಟಿದೆ, ಸ್ಟಾಪ್ ಇಲ್ಲ. ಇವೆರಡರ ಮೇಲೆ, 700ರ ಬಳಿ, ಮೂರನೆಯದೊಂದು ತೆಳು ಬ್ಯಾಂಡ್ ಕೂಡ ಇದೆ. ಅದೇನು?

ಕ್ಲೋನ್ 11 ಎಸೆಯಬೇಕಾ? ಹೊಸ ಗೈಡ್ ಆರಿಸುವಾಗ ಏನು ನೋಡಬೇಕು?

ಉತ್ತರ 5: ಮೈನಸ್ ಎಂಬತ್ತು

610ರಿಂದ 192 ಕಳೆದರೆ 418, ಲೆಕ್ಕ ಕೂಡಿತು. ಮೇಲಿನ ತೆಳು ಬ್ಯಾಂಡ್ ಬಹುತೇಕ ಹೆಟೆರೋಡುಪ್ಲೆಕ್ಸ್. ಉದ್ದದ ಎಳೆ, ಗಿಡ್ಡ ಎಳೆ ಕೊನೆಯ ಸೈಕಲ್‌ಗಳಲ್ಲಿ ಜೋಡಿಯಾದಾಗ 184 ಬೇಸ್ ನಡುವೆ ಉಬ್ಬಿ ನಿಲ್ಲುತ್ತದೆ, ಜೆಲ್‌ನಲ್ಲಿ ತೆವಳುತ್ತದೆ. ಆ ಪಿಸಿಆರನ್ನು 10 ಪಟ್ಟು ತೆಳು ಮಾಡಿ ಹೊಸ ಮಿಕ್ಸ್‌ನಲ್ಲಿ 2 ಸೈಕಲ್ ಓಡಿಸಿ ನೋಡಿ, ಮಾಯವಾಗಬೇಕು. ಬ್ಯಾಂಡ್‌ಗಳ ಹೊಳಪು ನೋಡಿ ಎಷ್ಟು ಪಾಲು ಎಕ್ಸಾನ್ ಬಿಟ್ಟಿದೆ ಎಂದು ಬರೆಯಬೇಡಿ, ಪಿಸಿಆರ್ ಗಿಡ್ಡದ್ದನ್ನು ಹೆಚ್ಚು ಬೆಳೆಸುತ್ತದೆ. ಪಾಲು ಬೇಕಿದ್ದರೆ 1 ಮತ್ತು 3ರ ಸಂಧಿಯ ಮೇಲೆ ಕೂರುವ ಪ್ರೈಮರ್‌ನಿಂದ ಕ್ಯೂಪಿಸಿಆರ್ ಮಾಡಿ.

ಹೊಸ ಗೈಡ್‌ಗೆ ನನ್ನ ಆಯ್ಕೆಯ ಕ್ರಮ ಹೀಗೆ. ಜೀನ್‌ನ ಎಲ್ಲ ಟ್ರಾನ್ಸ್‌ಕ್ರಿಪ್ಟ್‌ಗಳಲ್ಲೂ ಇರುವ ಎಕ್ಸಾನ್. ಉದ್ದ ಮೂರರಿಂದ ಭಾಗವಾಗಬಾರದು, ಆಗ ಎಕ್ಸಾನ್ ಬಿಟ್ಟುಹೋದರೂ ಫ್ರೇಮ್ ಕೆಡುತ್ತದೆ. ಪಕ್ಕದ ಎಕ್ಸಾನ್ ಜತೆ ಕೂಡಿಸಿ ಬಿಟ್ಟುಹೋದರೆ ಏನಾಗುತ್ತದೆ ಎಂದೂ ಲೆಕ್ಕ ಹಾಕಿ. ಮೊದಲ ಎಟಿಜಿಗೆ ತೀರಾ ಹತ್ತಿರ ಬೇಡ, ಮುಂದಿನ ಮೆಥಿಯೋನಿನ್ ಕೈಹಿಡಿದುಬಿಡುತ್ತದೆ. ಕೊನೆಯ ಎಕ್ಸಾನ್ ಬೇಡ, ಅಲ್ಲಿ ಡಿಕೇ ನಡೆಯದು. ಪ್ರೋಟೀನ್‌ನ ಕೆಲಸ ಮಾಡುವ ಡೊಮೇನ್ ಯಾವ ಎಕ್ಸಾನ್‌ನಲ್ಲಿದೆಯೋ ಅಲ್ಲೇ ಕತ್ತರಿಸುವುದು ಉತ್ತಮ, ಫ್ರೇಮ್ ಉಳಿದ ಆಲೀಲ್ ಕೂಡ ಆಗ ಕೆಲಸಕ್ಕೆ ಬಾರದಂತಾಗುವ ಸಾಧ್ಯತೆ ಹೆಚ್ಚು.

ಎರಡು ಗೈಡ್ ಒಟ್ಟಿಗೆ ಹಾಕಿ ಒಂದು ತುಂಡನ್ನೇ ತೆಗೆಯುವುದೂ ಒಳ್ಳೆಯ ದಾರಿ, ಜೆಲ್ ಮೇಲೇ ಕಾಣುತ್ತದೆ. ಇಲ್ಲಿ ಬೀಳುವ ಹಳ್ಳ: ತುಂಡು ಹೋಗದೆ ತಿರುಗಿ ಕೂರಬಹುದು. ಹೊರಗಿನ ಪ್ರೈಮರ್‌ಗಳಿಗೆ ಅದು ಬದಲಾಗದ ಆಲೀಲ್‌ನಂತೆಯೇ ಕಾಣುತ್ತದೆ. ಒಳಗಿನ ಒಂದು ಪ್ರೈಮರನ್ನು ಹೊರಗಿನ ಎರಡರ ಜತೆಗೂ ಸರದಿಯಲ್ಲಿ ಜೋಡಿಸಿ ನೋಡಿದರೆ ಸಿಕ್ಕಿಬೀಳುತ್ತದೆ.

ಪ್ಲಾಸ್ಮಿಡ್ ಬದಲು ಕ್ಯಾಸ್9 ಪ್ರೋಟೀನ್ ಮತ್ತು ಸಿಂಥೆಟಿಕ್ ಗೈಡ್ ಬಳಸಿ. ಕ್ಯಾಸ್9 ಒಂದಕ್ಕೆ ಗೈಡ್ 1.2 ಮೋಲಾರ್ ಅನುಪಾತ, ಕೋಣೆಯ ಉಷ್ಣತೆಯಲ್ಲಿ 10ರಿಂದ 20 ನಿಮಿಷ ಬಿಟ್ಟು ಎಲೆಕ್ಟ್ರೋಪೊರೇಷನ್. ಒಂದೆರಡು ದಿನದಲ್ಲಿ ಕರಗಿಹೋಗುತ್ತದೆ, ಜೀನೋಮ್‌ಗೆ ಸೇರಿಕೊಳ್ಳುವ ತಲೆನೋವಿಲ್ಲ.

ಕ್ಲೋನ್ 11 ಎಸೆಯಿರಿ ಎಂದೇ ನನ್ನ ಮಾತು.

ಉತ್ತರ 6: ಬ್ಲಾಟ್ ಪೇಪರ್

ಇದೊಂದಕ್ಕೆ ನನ್ನ ಸಹಮತ ಇಲ್ಲ. 21ರಿಂದ 84ರವರೆಗೆ ಏನಿದೆ ಎಂದು ನೋಡದೆ ಎಸೆಯಬೇಡಿ. ಅಲ್ಲಿ ಬೇರೆ ಪ್ರೋಟೀನ್‌ಗೆ ಅಂಟುವ ಭಾಗ ಇದ್ದು, ಉಳಿದ ಡೊಮೇನ್ ಹಾಗೇ ಇದ್ದರೆ ನಿಮ್ಮ ಕೈಗೆ ಬಿಟ್ಟಿಯಾಗಿ ಒಂದು ಡೊಮೇನ್ ಲೋಪದ ಕ್ಲೋನ್ ಸಿಕ್ಕಿದೆ. ನಾಕ್‌ಔಟ್ ಎಂಬ ಹೆಸರು ಹಚ್ಚಬೇಡಿ, ಅಷ್ಟೇ. 2 ಕ್ರಯೋವೈಯಲ್ ದ್ರವ ಸಾರಜನಕದಲ್ಲಿ ಇಟ್ಟರೆ ಗಂಟೇನೂ ಹೋಗುವುದಿಲ್ಲ.

ಕ್ಲೋನ್ 7 ಒಂದನ್ನೇ ನಂಬಿ ಪ್ರಬಂಧ ಬರೆಯಲೂ ಬೇಡಿ. ಒಂದೇ ಕೋಶದಿಂದ ಬಂದ ಕ್ಲೋನ್‌ಗಳು ಕತ್ತರಿಸದಿದ್ದರೂ ಒಂದಕ್ಕೊಂದು ಬೇರೆಯಾಗಿರುತ್ತವೆ, ಬೆಳವಣಿಗೆಯ ವೇಗದಲ್ಲೇ ಗೊತ್ತಾಗುತ್ತದೆ. ಎರಡು ಬೇರೆ ಗೈಡ್‌ಗಳಿಂದ ಒಟ್ಟು 3 ನಾಕ್‌ಔಟ್ ಕ್ಲೋನ್ ಆದರೂ ಇರಲಿ. ಕಂಟ್ರೋಲ್ ಆಗಿ ಮೂಲ ಕೋಶದ ಪೂಲ್ ಬೇಡ. ಯಾವ ಜೀನ್‌ಗೂ ಹೊಂದದ ಗೈಡ್ ಹಾಕಿ, ಅದೇ ಆಯ್ಕೆ, ಅದೇ ಹಂಚಿಕೆ ದಾಟಿ ಬಂದ 2 ಅಥವಾ 3 ಕ್ಲೋನ್ ಬೇಕು. ಆಮೇಲೆ ರೆಸ್ಕ್ಯೂ. ಸಿಡಿಎನ್‌ಎಯಲ್ಲಿ ಗೈಡ್ ಪಕ್ಕದ ಎನ್‌ಜಿಜಿಯ (ಪಿಎಎಂ, ಕ್ಯಾಸ್9 ಗುರುತಿಸುವ ಜಾಗ) ಒಂದು ಜಿಯನ್ನು ಅಮೈನೋ ಆಮ್ಲ ಬದಲಾಗದಂತೆ ಬದಲಿಸಿ. ಅದು ಸಾಧ್ಯವಿಲ್ಲದ ಕೋಡಾನ್ ಆಗಿದ್ದರೆ ಪಿಎಎಂ ಹತ್ತಿರದ 10 ಬೇಸ್ ಒಳಗೆ ಮೂರು ನಾಲ್ಕು ಮೌನ ಬದಲಾವಣೆ ಹಾಕಿ. ಪ್ರಮೋಟರ್ ವಿಷಯದಲ್ಲೂ ಜಾಗ್ರತೆ: ಸಿಎಂವಿ ಎಂಬ ಬಲವಾದ ಪ್ರಮೋಟರ್‌ನಿಂದ ಪ್ರೋಟೀನ್ ಮೂಲದ ಹತ್ತು ಪಟ್ಟು ಉಕ್ಕಿದರೆ ಅದನ್ನು ರೆಸ್ಕ್ಯೂ ಎಂದು ಯಾರೂ ಒಪ್ಪುವುದಿಲ್ಲ. ಡಾಕ್ಸಿಸೈಕ್ಲಿನ್‌ನಿಂದ ಏರಿಸುವ ಪ್ರಮೋಟರ್ ಇಟ್ಟು, ಪ್ರಮಾಣ ಏರಿಳಿಸಿ, ಮೇಲೆ ಹೇಳಿದ ಏಣಿಯಲ್ಲಿ ಮೂಲದ 100%ಕ್ಕೆ ಹತ್ತಿರದ ಮಟ್ಟ ಹುಡುಕಿಕೊಳ್ಳಿ.

ಉತ್ತರ 7: ಅರ್ಧ ಕೋಶ

ಮರೆತದ್ದು ಒಂದು. ಕ್ಲೋನ್ 7ರ ಲಾಂಗ್ ರೇಂಜ್ ಪಿಸಿಆರ್ ಮತ್ತು ಪ್ರತಿ ಎಣಿಕೆ ಇನ್ನೂ ಬಂದಿಲ್ಲ. ಸೇರಿದ ಆ ಒಂದು ಬೇಸ್ ಯಾವುದು ಎಂದೂ ನೋಡಿ. ಪಿಎಎಂನಿಂದ ಹಿಂದಕ್ಕೆ 4ನೇ ಬೇಸ್ ಯಾವುದೋ ಅದೇ ಎರಡು ಸಲ ಬಂದಿದ್ದರೆ ಅದು ಕ್ಯಾಸ್9ನ ಮಾಮೂಲಿ ಸೇರ್ಪಡೆ. ಒಂದಕ್ಕಿಂತ ಹೆಚ್ಚು ಆಲೀಲ್‌ಗಳಲ್ಲಿ ಸ್ವತಂತ್ರವಾಗಿ ಅದೇ ಬರುವುದು ಸಹಜ, ಶುದ್ಧ ಕ್ರೊಮ್ಯಾಟೋಗ್ರಾಂ ನಂಬಲರ್ಹ. ಆದರೆ 11ರಂತೆ 8 ಬೇಸ್ ಲೋಪ ಮೂರೂ ಪ್ರತಿಗಳಲ್ಲಿ ಒಂದೇ ತೆರನಾಗಿ ಬಂದಿದೆ ಎಂದರೆ ನನಗೆ ಅನುಮಾನ. ಕತ್ತರಿಸಿದ ಜಾಗದ ಎರಡೂ ಬದಿ 2 ಅಥವಾ 3 ಬೇಸ್‌ನ ಒಂದೇ ಸೀಕ್ವೆನ್ಸ್ ಪುನರಾವರ್ತಿಸಿದೆಯೋ ನೋಡಿ. ಇದ್ದರೆ ಮೈಕ್ರೋಹೊಮಾಲಜಿಯಿಂದ ಅದೇ ಲೋಪ ಮತ್ತೆ ಮತ್ತೆ ಬರಬಹುದು. ಇಲ್ಲದಿದ್ದರೆ ಅಲ್ಲೊಂದು ದೊಡ್ಡ ಲೋಪದ ಆಲೀಲ್ ಅಡಗಿರಬಹುದು. ಎಕ್ಸಾನ್ 2 ಇಡಿಯಾಗಿ ಡಿಎನ್‌ಎಯಿಂದಲೇ ಹಾರಿಹೋಗಿದ್ದರೂ ಆರ್‌ಟಿ ಪಿಸಿಆರ್‌ನಲ್ಲಿ ಬರುವುದು ಇದೇ 418. ಆಗ 600ರ ಮಸುಕು ಬ್ಯಾಂಡ್ ಮಾತ್ರ −8 ಆಲೀಲ್‌ನದ್ದು, ಸ್ಪ್ಲೈಸಿಂಗ್ ತಪ್ಪಿಯೇ ಇರುವುದಿಲ್ಲ. 5 ಕಿಲೋಬೇಸ್‌ನ ಪಿಸಿಆರ್‌ನಲ್ಲಿ 11ನ್ನೂ ಒಂದು ಲೇನ್‌ನಲ್ಲಿ ಓಡಿಸಿಬಿಡಿ, ಎರಡರಲ್ಲಿ ಯಾವುದು ಎಂದು ಅಲ್ಲೇ ತಿಳಿಯುತ್ತದೆ.